ಪ್ಯಾರಾಶೂಟ್, ಒಂದು

ಎರಡು ವರ್ಷದ ಹಿಂದೆ ರಾಗಿಬ್ ನೆರೆಯವರಿಗೆ ಒಂದು ಉಪಕಾರ ಮಾಡಿದ. ಮಾಡಬಾರದಿತ್ತು. ಪಕ್ಕದ ಮನೆಯ ಉಮ್ ವಹೀದ್, ಮಗಳ ಮದುವೆಗೆ ಚಪ್ಪರ ಸಿಗಲಿಲ್ಲವೆಂದು ಗೋಳಾಡಿದಾಗ, ತಾನು ಉಗ್ರಾಣಿಯಾಗಿದ್ದ ವಿಮಾನ ಮ್ಯೂಸಿಯಮ್ಮಿನಿಂದ ಯುದ್ಧಕಾಲದ ಪ್ಯಾರಾಶೂಟೊಂದನ್ನು ಹೊತ್ತು ತಂದು ಬೀದಿಗೆ ಅಡ್ಡಲಾಗಿ ಕಟ್ಟಿಸಿಬಿಟ್ಟ. ಇಸ್ಮಾಯಿಲಿಯಾ ಊರಿನಲ್ಲೇ ಅಂಥ ಚಪ್ಪರವನ್ನು ಯಾರೂ ಕಂಡಿರಲಿಲ್ಲ. ಜನ ಹೊಗಳಿದ ಹೊಗಳಿಕೆಗೆ ಅವನು ಅಟ್ಟಕ್ಕೇರಿ ಕೂತ. ಪ್ಯಾರಾಶೂಟ್ ವಾಪಸು ಕೇಳುವುದು ಮರೆತೇಹೋಯಿತು.

ನೆನಪಾದದ್ದು ನಿವೃತ್ತಿಯ ದಿನ ಬೆಳಿಗ್ಗೆ, ತಿಂಡಿಯ ತಟ್ಟೆಗೆ ನಿಂಬೆ ಹಿಂಡುತ್ತಿದ್ದಾಗ. ಮ್ಯೂಸಿಯಮ್ಮಿನ ನೂರಹನ್ನೆರಡು ಸಾಮಾನೂ ಅವನ ಹೆಸರಿನಲ್ಲಿದ್ದವು. ಅಂದು ಕೈರೋದಿಂದ ಬರುವ ಸಮಿತಿಗೆ ಒಂದೊಂದನ್ನೂ ಒಪ್ಪಿಸಿದರೆ ಮಾತ್ರ ಬಿಡುಗಡೆ ಪತ್ರ. ಅದಿಲ್ಲದೆ ದೇಶ ಬಿಡುವಂತಿಲ್ಲ. ಪ್ರತಿ ವರ್ಷವೂ ಪಟ್ಟಿ ನೋಡಿ ‘ಎಲ್ಲ ಇದೆ’ ಎಂದು ಬರೆಯುತ್ತಿದ್ದವನು ರಾಗಿಬನೇ. ತನ್ನ ಮಾತನ್ನು ತಾನೇ ನಂಬಿಬಿಟ್ಟಿದ್ದ ಪುಣ್ಯಾತ್ಮ.

“ನಾಳೆ ಸಂಜೆ ವಿಮಾನ. ಕಾಗದ ಇವತ್ತೇ ತರ್ತೀರಿ ತಾನೆ?” ಎಂದಳು ಹೆಂಡತಿ ಇನ್ಸಾಫ್. ಇಬ್ಬರೂ ಮೆಕ್ಕಾ ಯಾತ್ರೆಗೆ ಹೊರಟಿದ್ದರು. “ಆಗಲ್ಲ ಅಂದ್ರೆ ಈಗ್ಲೇ ಹೇಳಿ. ನಮ್ಮಣ್ಣ ನನ್ ಜೊತೆ ಬರೋಕೆ ತುದಿಗಾಲಲ್ಲಿ ನಿಂತಿದಾನೆ.”

ಮೂವತ್ತೊಂದು ವರ್ಷ ವಿಮಾನಗಳ ಧೂಳು ಒರೆಸಿದ ರಾಗಿಬ್, ಹಾರುವ ವಿಮಾನವನ್ನು ಒಂದು ದಿನವೂ ಹತ್ತಿದವನಲ್ಲ. ಆ ಆಸೆಗೆ ಎದೆ ಈಗಲೂ ಚಿಕ್ಕ ಹುಡುಗನ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಸಹೋದ್ಯೋಗಿ ಬಯೂಮಿಗೆ ಫೋನ್ ಮಾಡಿದ.

“ಎಂಬತ್ತೇಳನೇ ಸಾಮಾನು ಕಾಣ್ತಿಲ್ಲ ಕಣೋ.”

“ಯೋಚ್ನೆ ಮಾಡ್ಬೇಡಿ ಉಸ್ತಾದ್, ನಾನಿದೀನಲ್ಲ!”

“ಅದೇ ಕಣೋ ನನ್ ಯೋಚ್ನೆ. ನೀನು ಏನೂ ಮಾಡ್ಬೇಡ. ಸಮಿತಿಗೆ ಟೀ ಕುಡಿಸ್ತಾ ಇರು.”

ಫೋನ್ ಇಟ್ಟವನೇ ಉಮ್ ವಹೀದಳ ಬಾಗಿಲು ಬಡಿದ. ಆಕೆ ಹಾಸಿಗೆಯ ಮೇಲಿನ ಬಿಳಿ ಹೊದಿಕೆ ತೋರಿಸಿದಳು. ಅಂಚಿನಲ್ಲಿ ‘೮೭’ ಎಂದು ಮಸಿಯಲ್ಲಿ ಬರೆದಿತ್ತು.

“ಇದು ಅರ್ಧ ಅಲ್ವಾ ಉಮ್ ವಹೀದ್?”

“ಇನ್ನರ್ಧ ಕ್ಷೌರದ ಜಾಬಿರ್ ಹತ್ರ ಇದೆ. ಇಬ್ಬರಿಗೂ ಬೇಕು ಅಂತ ಜಗಳ ಬಿತ್ತು. ನ್ಯಾಯವಾಗಿ ಕತ್ತರಿಸ್ಕೊಂಡ್ವಿ. ನೀವು ಒಂದಿನನಾದ್ರೂ ಕೇಳಿದ್ರಾ?”

ಜಾಬಿರ್ ತನ್ನ ಅರ್ಧವನ್ನು ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುವ ಗಿರಾಕಿಗಳಿಗೆ ಹೊದಿಸುತ್ತಿದ್ದ. ಅದರ ಮೇಲೆ ಊರಿನ ಅರ್ಧ ಗಂಡಸರ ಯೌವನ ಕಲೆಯಾಗಿ ಉಳಿದಿತ್ತು. ಎರಡೂ ಅರ್ಧ ಸೇರಿಸಲು ಹೊಲಿಗೆ ಯಂತ್ರ ಬೀದಿಗೇ ಬಂತು. ಹೆಂಗಸರು ಸುತ್ತ ಕೂತರು.

“ವಿಮಾನದಿಂದ ಧುಮುಕೋರಿಗೆ ಇಷ್ಟು ತೆಳ್ಳನೆ ಬಟ್ಟೆನಾ? ನಮ್ ರಾಗಿಬ್ ಹೊಟ್ಟೆನ ಇದು ತಡೆಯತ್ತಾ?” ಎಂದಳೊಬ್ಬಳು.

“ಅವರು ಮಂಚದಿಂದ ಇಳಿಯೋಕೇ ಹೆದರ್ತಾರೆ ಬಿಡೆ,” ಎಂದಳು ಇನ್ಸಾಫ್.

ರಾಗಿಬ್ ಎಲ್ಲರಿಗೂ ಕೈ ಮುಗಿಯುವುದೊಂದು ಬಾಕಿ. “ನಾನು ಮುಂದೆ ಹೋಗಿ ಸಮಿತಿಯವರನ್ನ ಮಾತಲ್ಲಿ ಇಟ್ಕೋತೀನಿ. ಹೊಲಿದಾದ್ಮೇಲೆ ಹಿಂದಿನ ಗೋಡೆ ಮೇಲಿಂದ ಒಳಗೆ ಹಾಕಿ. ಸದ್ದಿಲ್ದೆ!” ಎಂದು ಆಟೋ ಹತ್ತಿದ.

ರಾಗಿಬ್ ಮ್ಯೂಸಿಯಮ್ಮಿನೊಳಗೆ ಬಂದಾಗ ಸಮಿತಿಯ ಮುಖ್ಯಸ್ಥ ಉಸ್ತಾದ್ ನಜ್ಮಿ ಎಂಬತ್ತಾರನೆಯ ಸಾಮಾನು, ಒಂದು ತೂತು ಬಿದ್ದ ಶಿರಸ್ತ್ರಾಣ, ಮುಗಿಸಿ ಮುಂದಿನ ಪೆಟ್ಟಿಗೆ ತೆರೆಸುತ್ತಿದ್ದರು. ರಾಗಿಬ್ ಕಣ್ಣು ಮುಚ್ಚಿಕೊಂಡ.

“ಪ್ಯಾರಾಶೂಟ್, ಒಂದು. ಇದೆ,” ಎಂದರು ನಜ್ಮಿ.

ಕಣ್ಣು ಬಿಟ್ಟರೆ, ಪೆಟ್ಟಿಗೆಯೊಳಗೆ ಮಡಿಸಿಟ್ಟ ಪ್ಯಾರಾಶೂಟ್! ಅಂಚಿನಲ್ಲಿ ಹೊಚ್ಚಹೊಸ ‘೮೭’. ಆಚೆ ಬಯೂಮಿ ಮಸಿ ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಹಲ್ಲು ಕಿರಿಯುತ್ತಿದ್ದ.

“ಮಾವಿನಹಣ್ಣಿನ ವಾಸನೆ ಬರ್ತಿದೆಯಲ್ಲ?” ನಜ್ಮಿ ಮೂಗರಳಿಸಿದರು.

“ಹಳೇ ಬಟ್ಟೆ ಉಸ್ತಾದ್, ವಯಸ್ಸಾದ್ರೆ ಹಾಗೇ,” ಎಂದ ಬಯೂಮಿ. ರಾಗಿಬನ ಕಿವಿಯಲ್ಲಿ, “ನಮ್ಮ ಮಾವನ ಹಣ್ಣಿನ ಅಂಗಡಿಗೆ ಹೊದಿಸಿದ್ದು. ಯುದ್ಧದಲ್ಲಿ ಅವರ ತೋಟಕ್ಕೇ ಬಿದ್ದಿತ್ತು,” ಎಂದು ಪಿಸುಗುಟ್ಟಿದ.

ರಾಗಿಬನಿಗೆ ಆ ಪೆದ್ದನನ್ನು ತಬ್ಬಿಕೊಳ್ಳಬೇಕೆನಿಸಿತು. ಉಳಿದ ಸಾಮಾನುಗಳೂ ಸರಿಹೋದವು. ನಜ್ಮಿ ಬಿಡುಗಡೆ ಪತ್ರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಆಗಲೇ ಹೊರಗೆ ಡೋಲು ಕೇಳಿಸಿತು.

ಯಾತ್ರೆಗೆ ಹೊರಟವನನ್ನು ಮೆರವಣಿಗೆಯಿಲ್ಲದೆ ಕಳಿಸಿದರೆ ಬೀದಿಗೇ ಅವಮಾನ. ಹೇಗೂ ಹೊರಟಿದ್ದೇವೆ, ಎರಡೂ ಕೆಲಸ ಒಟ್ಟಿಗೇ ಆಗಲಿ ಎಂದು ಬೀದಿಯವರು ತೀರ್ಮಾನಿಸಿದ್ದರು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕುತ್ತ, ನಾಲ್ಕು ಮೂಲೆ ಹಿಡಿದ ಪ್ಯಾರಾಶೂಟಿನೊಂದಿಗೆ ಮುಂಬಾಗಿಲಿಂದಲೇ ಬಂದರು. ರಾಗಿಬ್ ಬೇಡ ಬೇಡವೆಂದು ಎರಡೂ ಕೈ ಬೀಸಿದ. ಅವರು ಇವನೂ ಕುಣಿಯುತ್ತಿದ್ದಾನೆಂದುಕೊಂಡು ಡೋಲನ್ನು ಇನ್ನೂ ಜೋರು ಮಾಡಿದರು.

“ತಗೊಳ್ಳಿ ಉಸ್ತಾದ್, ನಿಮ್ ಪ್ಯಾರಾಶೂಟ್!” ಉಮ್ ವಹೀದ್ ನಜ್ಮಿಯವರ ಮೇಜಿನ ಮೇಲೇ ಹರಡಿದಳು. “ಎಂಬತ್ತೇಳನೇ ನಂಬರ್, ನೋಡ್ಕೊಳ್ಳಿ. ಒಗೆದು ತಂದಿದೀವಿ!”

ನಜ್ಮಿ ಕನ್ನಡಕ ಹಾಕಿಕೊಂಡು ಈ ಅಂಚು ನೋಡಿದರು, ಆ ಅಂಚು ನೋಡಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ಪಟ್ಟಿಯಲ್ಲಿ ಒಂದು. ಇಲ್ಲಿ ಎರಡು.”

“ಜಾಸ್ತಿ ಇದ್ರೆ ಒಳ್ಳೇದಲ್ವಾ ಉಸ್ತಾದ್?” ಎಂದ ರಾಗಿಬ್.

“ಕಮ್ಮಿ ಬಿದ್ದಿದ್ರೆ ಸುಲಭ ಇತ್ತು ಕಣಯ್ಯ. ಅದಕ್ಕೆ ಫಾರಂ ಇದೆ. ನೀನು ಒಂದು ಸಹಿ ಹಾಕಿ, ದಂಡ ಕಟ್ಟಿ ಮನೆಗೆ ಹೋಗ್ತಿದ್ದೆ. ಹೆಚ್ಚು ಬಿದ್ರೆ ಫಾರಂ ಇಲ್ಲ! ಎಲ್ಲಿಂದ ಬಂತು ಅಂತ ಕೈರೋದಲ್ಲಿ ತನಿಖೆ ಆಗ್ಬೇಕು. ಅಲ್ಲೀವರೆಗೂ ಎರಡೂ ನಿನ್ನ ಹೆಸರಲ್ಲೇ. ನಾಳೆ ಎಂಟಕ್ಕೆ ಕೆಲಸಕ್ಕೆ ಬಾ.”

ನಿಜ ಹೇಳಿದರೆ ಬಯೂಮಿಗೆ ಸಂಚಕಾರ. ಹೇಳದಿದ್ದರೆ ತನಗೆ. ರಾಗಿಬ್ ಎರಡೂ ಪ್ಯಾರಾಶೂಟುಗಳನ್ನು ಮಡಿಸತೊಡಗಿದ.

ಮರುದಿನ ಸಂಜೆ ಮ್ಯೂಸಿಯಮ್ಮಿನ ಅಂಗಳದಲ್ಲಿ, ರೆಕ್ಕೆ ಮುರಿದ ಯುದ್ಧವಿಮಾನದ ನೆರಳಿನಲ್ಲಿ ಕೂತಿದ್ದಾಗ ಫೋನ್ ಬಂತು. ಇನ್ಸಾಫ್ ವಿಮಾನದೊಳಗಿಂದ ಮಾತಾಡುತ್ತಿದ್ದಳು.

“ರೀ, ಈಗ ಹೊರಡತ್ತಂತೆ. ನಮ್ಮಣ್ಣ ನಡುಗ್ತಾ ಕೂತಿದಾನೆ. ಪ್ಯಾರಾಶೂಟ್ ಇದೆಯಾ ಅಂತ ಕೇಳ್ತಿದಾನೆ.”

“ಇದೆ ಅನ್ನು,” ಎಂದ ರಾಗಿಬ್. “ಎರಡಿದೆ.”