ಇಂದು ಸೂರ್ಯನ ಚಿತ್ರ ಇರುವುದಿಲ್ಲ

ಆಕಾಶದ ಯಂತ್ರ ಮೊದಲೇ ತಿಳಿಸಿ, ಹೇಳಿದ ದಿನವೇ ಕೆಲಸ ನಿಲ್ಲಿಸುತ್ತಿತ್ತು. ಆದರೂ ನಮ್ಮ ಕಾಲೇಜಿನಲ್ಲಿ ಪ್ರತಿ ಸಲ ಏನಾದರೊಂದು ಫಜೀತಿ ಆಗಿಯೇ ಆಗುತ್ತಿತ್ತು.

ಇಸವಿ ಎರಡು ಸಾವಿರ ದಾಟಿ ನಾಲ್ಕೈದು ವರ್ಷವಾಗಿತ್ತು. ಕಡಿಯಾಳಿಯ ಹತ್ತಿರದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು. ಹಗಲಿರುಳೂ ಸೂರ್ಯನನ್ನೇ ನೋಡುವ ವಿದೇಶಿ ನೌಕೆಯೊಂದರ ಚಿತ್ರವನ್ನು ದಿನಾ ಇಂಟರ್ನೆಟ್ಟಿನಿಂದ ಇಳಿಸಿ ನೋಟಿಸ್ ಬೋರ್ಡಿಗೆ ಹಾಕುವುದು ನನ್ನ ಹುಚ್ಚು. ಕನೆಕ್ಷನ್ ಕೊಡಿಸಿದವರು ಪ್ರಿನ್ಸಿಪಾಲರು. ಇನ್‌ಸ್ಪೆಕ್ಷನ್ ಸಮಿತಿ ಮೆಚ್ಚಿದರೆ ಉಳಿಯುತ್ತದೆ, ಇಲ್ಲದಿದ್ದರೆ ಕಟ್ ಎಂದು ಅವರು ಮೊದಲೇ ಹೇಳಿದ್ದರು.

ತಲೆಕೆಳಗು

ನೌಕೆಯ ಆಂಟೆನಾ ಭೂಮಿಯ ಕಡೆ ತಿರುಗಲಾರದೆ ಸಿಕ್ಕಿಹಾಕಿಕೊಂಡ ಮೇಲೆ ಮೂರು ತಿಂಗಳಿಗೊಮ್ಮೆ ನೌಕೆಯನ್ನೇ ತಲೆಕೆಳಗು ಮಾಡುತ್ತಿದ್ದರು. ಅದನ್ನು ಬೋರ್ಡಿನಲ್ಲಿ ಬರೆದೆ. ಚಿತ್ರ ಅಂಟಿಸುವ, ಕೆಮ್ಮಣ್ಣು ಊರಿನ ಅಟೆಂಡರ್ ಓದಿ ನಿಟ್ಟುಸಿರು ಬಿಟ್ಟ.

"ಬಚಾವಾದೆ ಸರ್. ಹೋದ ವಾರ ಪೂರ್ತಿ ನಾನು ತಲೆಕೆಳಗೇ ಅಂಟಿಸಿದ್ದು."

ನನಗೆ ಗೊತ್ತೇ ಆಗಿರಲಿಲ್ಲ. ಆದರೂ ಗತ್ತಿನಿಂದ, "ನೋಡಿದ್ದೆ, ಸುಮ್ಮನಿದ್ದೆ" ಎಂದೆ.

"ಇವತ್ತಿನದ್ದೂ ಹಾಗೇ ಉಂಟು ಸರ್. ಇದನ್ನೂ ನೋಡಿ ಸುಮ್ಮನಿದ್ದದ್ದಾ?"

ಪಥ ತಿದ್ದುಪಡಿ

ರಜೆ ಕೊಡುವುದೆಂದರೆ ಪ್ರಿನ್ಸಿಪಾಲರಿಗೆ ಜೀವ ಹೋದ ಹಾಗೆ. ಹುಡುಗಿ ನೋಡಲು ಬಜಗೋಳಿಗೆ ಹೋಗಬೇಕಿದ್ದ ಅಟೆಂಡರ್, ಚಿತ್ರ ಬಾರದ ದಿನಗಳಿಗೆ ನಾನು ಹಾಕುತ್ತಿದ್ದ ನೋಟಿಸುಗಳ ಧಾಟಿಯಲ್ಲೇ ಅರ್ಜಿ ಬರೆದ: "ಶುಕ್ರವಾರ ಪೂರ್ವಯೋಜಿತ ಪಥ ತಿದ್ದುಪಡಿ ಇರುವುದರಿಂದ ಸಂಪರ್ಕ ಇರುವುದಿಲ್ಲ. ಶನಿವಾರದಿಂದ ಎಂದಿನಂತೆ." ನೌಕೆಯದ್ದೆಂದುಕೊಂಡು ಪ್ರಿನ್ಸಿಪಾಲರು ಸಹಿ ಹಾಕಿಬಿಟ್ಟರು. ಶುಕ್ರವಾರ ಗಂಟೆ ಹೊಡೆಯುವವರಿಲ್ಲದೆ ಅವರೇ ಹೊಡೆದರು.

ಶನಿವಾರ ಅವನನ್ನು ಕರೆದು, "ಎಂತ, ಪಥ ಸರಿಯಾಯಿತಾ?" ಎಂದು ಗದರಿದರು.

"ನನ್ನ ಕಡೆಯಿಂದ ಆಗಿದೆ ಸರ್. ಹುಡುಗಿಯ ಕಡೆಯಿಂದ ಸಿಗ್ನಲ್ ಬರಬೇಕಷ್ಟೆ."

ಇನ್‌ಸ್ಪೆಕ್ಷನ್

ಸಮಿತಿ ಬರುವ ದಿನ ಗೊತ್ತಾಯಿತು. ಇಂಟರ್ನೆಟ್ಟಿನಲ್ಲಿ ನೌಕೆಯ ನಿಲುಗಡೆಯ ಪಟ್ಟಿ ನೋಡಿದರೆ ಅದೇ ದಿನ ಪಥ ತಿದ್ದಲು ಎಂಜಿನ್ ಉರಿಸುವ ಕೆಲಸ, ಚಿತ್ರ ಇಲ್ಲ. ಪಟ್ಟಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಓಡಿದೆ.

"ನೌಕೆಯವರಿಗೆ ಒಂದು ದಿನ ಮುಂದೆ ಹಾಕಲಿಕ್ಕೆ ಹೇಳಿ ಮಾರಾಯ್ರೆ" ಎಂದರು ಪ್ರಿನ್ಸಿಪಾಲರು. "ಲೆಟರ್‌ಹೆಡ್ಡಿನಲ್ಲಿ ಬರೆಯಿರಿ, ಸೀಲ್ ಹಾಕುವ."

"ಅದು ಹದಿನೈದು ಲಕ್ಷ ಕಿಲೋಮೀಟರ್ ದೂರ ಉಂಟು ಸರ್."

"ಹಾಗಾದರೆ ರಿಜಿಸ್ಟರ್ಡ್ ಪೋಸ್ಟೇ ಮಾಡಿ."

ಸಮಿತಿ ಬಂದಾಗ ಬೋರ್ಡಿನಲ್ಲಿದ್ದದ್ದು ಹಿಂದಿನ ದಿನದ ತಾರೀಕಿದ್ದ ಚಿತ್ರ. "ಇವತ್ತಿನದ್ದು ಎಲ್ಲಿ?" ಎಂದರು ಅಧ್ಯಕ್ಷರು. ನಾನು ಬಾಯಿ ತೆರೆಯುವ ಮೊದಲೇ ಅಟೆಂಡರ್, "ಹೊರಗೆ ಉಂಟು ಸರ್, ಬನ್ನಿ" ಎಂದ. ಹೊಸ ಕಟ್ಟಡದ ಕೆಲಸಕ್ಕೆ ಬಾಗಲಕೋಟೆಯಿಂದ ಬಂದಿದ್ದ ವೆಲ್ಡರನ ಕಪ್ಪು ಗಾಜು ಅವನ ಕೈಯಲ್ಲಿತ್ತು. ಕೋಟು ಹಾಕಿದ ಸಮಿತಿಯ ಮೂವರು ಅಂಗಳದಲ್ಲಿ ಸರದಿಯಲ್ಲಿ ನಿಂತರು.

ಅಧ್ಯಕ್ಷರು ತುಂಬ ಹೊತ್ತು ನೋಡಿ ಗಾಜು ಕೆಳಗಿಳಿಸಿದರು. "ಬೋರ್ಡಿನಲ್ಲಿ ಅಷ್ಟು ದೊಡ್ಡದಿತ್ತಲ್ಲ. ಇದೆಂತ ಇಷ್ಟು ಸಣ್ಣ?"

ಕನೆಕ್ಷನ್ ಕಟ್ ಮಾಡುತ್ತೇನೆಂದು ವರ್ಷವಿಡೀ ಹೆದರಿಸಿದ್ದ ಪ್ರಿನ್ಸಿಪಾಲರು ಕೈಮುಗಿದು ಹೇಳಿದರು:

"ಇದು ಲೋಕಲ್ ಸರ್. ದೊಡ್ಡದು ಬೇಕಾದರೆ ಕನೆಕ್ಷನ್ ಇಟ್ಟುಕೊಳ್ಳಲೇಬೇಕು."