ಅಪ್ಪನ ಲೋಟಕ್ಕೊಂದು ತೇಗದ ಗೂಡು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಕನ್ನಡ ಬರೆಯಲು ಕಲಿಸಿದ್ದು ಅಮ್ಮ, ಅದೂ ದೇಶದ ರಾಜಧಾನಿಯ ಮಯೂರ್ ವಿಹಾರದ ನಮ್ಮ ಅಡುಗೆಮನೆಯಲ್ಲಿ, ಎರಡು ಒಗ್ಗರಣೆಗಳ ನಡುವೆ. ಒತ್ತಕ್ಷರಗಳು ಅಲ್ಲಲ್ಲಿ ಜಾರಿರಬಹುದು, ಮಾತೂ ಬಡವಾಗಿರಬಹುದು. ಬೆರಳ ತುದಿಯ ಅಂಟು ಬೇರೆ ಇನ್ನೂ ಹೋಗಿಲ್ಲ. ಆ ಅಂಟಿನದೇ ಈ ಕಥೆ.

ನನ್ನ ಹೆಸರು ಹಂಸಾ. ವಯಸ್ಸು ಹದಿನೇಳು. ಹನ್ನೊಂದನೆಯ ತರಗತಿಯ ನಡುವೆ ಶಾಲೆ ಬಿಟ್ಟೆ. ಎದ್ದು ನಿಂತು ಉತ್ತರ ಹೇಳು ಅಂದರೆ ಗಂಟಲು ಕಟ್ಟುತ್ತಿತ್ತು. ಮರದ ಜೊತೆ ಆ ತೊಂದರೆಯಿಲ್ಲ. ಮರ ಪ್ರಶ್ನೆ ಕೇಳುವುದಿಲ್ಲ.

ನನ್ನ ಅಪ್ಪ ಇಂದುಶೇಖರ ಹೋದ ವರ್ಷ ಒಂದು ಹಳೆಯ ವ್ಯಾನು ಕೊಂಡರು. ಒಳಗೆ ಮಂಚ, ಒಲೆ, ಬೇಸಿನ್ನು ಎಲ್ಲವೂ ಇತ್ತು. ಅಪ್ಪ ಅದನ್ನು ಮೋಟರ್‌ಹೋಮ್ ಎನ್ನುತ್ತಿದ್ದರು. ಅಮ್ಮ "ನಿಮ್ಮ ಎರಡನೇ ಸಂಸಾರ" ಎನ್ನುತ್ತಿದ್ದಳು. ಆ ಸಂಸಾರದಲ್ಲಿ ಒಂದೇ ಕೊರತೆ: ಡ್ಯಾಶ್‌ಬೋರ್ಡಿನಲ್ಲಿ ಲೋಟ ಇಡಲು ಜಾಗವಿರಲಿಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹೋಲ್ಡರುಗಳೆಲ್ಲ ಬಾಟಲಿಗೆ ಹುಟ್ಟಿದವು. ಅಂಚು ಬಾಗಿದ ಸ್ಟೀಲಿನ ಕಾಫಿ ಲೋಟಕ್ಕೆ ಅಲ್ಲಿ ಮರ್ಯಾದೆಯಿಲ್ಲ. ಕಾಗದದ ಕಪ್ಪಿನಲ್ಲಿ ಫಿಲ್ಟರ್ ಕಾಫಿ ಕುಡಿಯುವುದಕ್ಕಿಂತ ಉಪವಾಸ ಮೇಲು ಎನ್ನುವವರು ನಮ್ಮಪ್ಪ. ಪರಿಣಾಮವಾಗಿ ಮೂರು ಸ್ಪೀಡ್ ಬ್ರೇಕರಿಗೆ ಮೂರು ಪ್ಯಾಂಟು ಹಾಳಾಗಿದ್ದವು!

"ನಾನು ಮಾಡಿಕೊಡ್ತೀನಪ್ಪಾ," ಎಂದೆ. "ಎಂಥ ಹೋಲ್ಡರ್ ಅಂದ್ರೆ, ಭೂಕಂಪ ಆದ್ರೂ ಒಂದು ಹನಿ ಚೆಲ್ಲಬಾರದು!"

ಅಷ್ಟು ದೊಡ್ಡ ಮಾತು ನಾನು ಹುಟ್ಟಿದ ಮೇಲೆ ಆಡಿದ್ದು ಅದೇ ಮೊದಲು.

ಅದಕ್ಕೆ ಕಾರಣವೂ ಇತ್ತು. ಅಮ್ಮನ ಗೆಳತಿ ಚಂದ್ರಪ್ರಭಾ ಆಂಟಿ ಘಾಜಿಯಾಬಾದಿನಲ್ಲಿ ಮರಗೆಲಸದ ವರ್ಕ್‌ಶಾಪ್ ನಡೆಸುತ್ತಾರೆ. "ಅವಳು ಕೈಯಾರೆ ಮಾಡಿದ್ದು ಒಂದನ್ನ ತೋರಿಸಲಿ. ಚೆನ್ನಾಗಿದ್ರೆ ಕೆಲಸ ಕಲಿಯೋಕೆ ಸೇರಿಸ್ಕೋತೀನಿ," ಎಂದಿದ್ದರು. ಚೆನ್ನಾಗಿಲ್ಲದಿದ್ದರೆ? ಆ ಉತ್ತರ ಅಮ್ಮನ ಹತ್ತಿರವಿತ್ತು. "ಮತ್ತೆ ಸ್ಕೂಲು. ಮೊದಲನೇ ಬೆಂಚು."

ಹಾಗಾಗಿ ಆ ಹೋಲ್ಡರೇ ನನ್ನ ಪರೀಕ್ಷೆ. ಹಳೆಯ ಮಂಚದ ತೇಗದ ಹಲಗೆ ತೆಗೆದುಕೊಂಡೆ. ಲೋಟವನ್ನು ತಳದಲ್ಲಿ, ನಡುವಿನಲ್ಲಿ, ಕಂಠದಲ್ಲಿ ಅಳೆದೆ. ಬಿಸಿ ಕಾಫಿ ಹಾಕಿ ಅಳೆದೆ, ಖಾಲಿ ಮಾಡಿ ಅಳೆದೆ. ಡ್ಯಾಶ್‌ಬೋರ್ಡಿಗೂ ಗೇರಿನ ಕೋಲಿಗೂ ನಡುವಿನ ಜಾಗವನ್ನು ಹನ್ನೊಂದು ಸಲ ಅಳೆದೆ. ಹನ್ನೊಂದು ಸಲವೂ ಒಂದೇ ಉತ್ತರ! ರಟ್ಟಿನಲ್ಲಿ ಮಾದರಿ ಕತ್ತರಿಸಿ ಇಟ್ಟು ನೋಡಿದೆ. ಕೋಲಿಗೂ ಹೋಲ್ಡರಿಗೂ ನಡುವೆ ಒಂದು ಬೆರಳು ಸಂದು. ಆಹಾ!

ಆಮೇಲೆ ಕೂರಿಸಿದೆ. ಎಂಟು ಸ್ಕ್ರೂ, ಅದರ ಕೆಳಗೆ ಅಂಟು. ಸ್ಕ್ರೂ ತಲೆ ಕಂಡರೆ ಅಂದಗೇಡು ಅಂತ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಮುಚ್ಚಿ, ಉಜ್ಜಿ, ಪಾಲಿಶ್ ಹೊಡೆದೆ. ಎಲ್ಲಿ ಸ್ಕ್ರೂ ಇದೆ ಅಂತ ನನಗೇ ಗೊತ್ತಾಗಲಿಲ್ಲ. ಅಷ್ಟು ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಘಾಜಿಯಾಬಾದಿಗೆ ಪಯಣ. ಅಪ್ಪ ರಜೆ ಹಾಕಿದ್ದರು. ಅಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಬಿಸಿ ಕಾಫಿಯ ಲೋಟ ಗೂಡಿನಲ್ಲಿ ಮಹಾರಾಜನಂತೆ ಕೂತಿತು. ಅಪ್ಪ ರಿವರ್ಸ್ ಹಾಕಿ, ನಿಂಬೆಹಣ್ಣು ಚಪ್ಪಟೆ ಮಾಡಿ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಇಳಿಜಾರಿನವರೆಗೆ ಹಿಮ್ಮುಖವಾಗಿ ಸಾಗಿದರು. ಕಾಫಿ ಕದಲಲಿಲ್ಲ!

"ನೋಡಿದ್ಯಾ ಅಹಲ್ಯಾ! ಒಂದು ಹನಿ ಇಲ್ಲ!" ಎಂದು ಅಪ್ಪ ಅಮ್ಮನತ್ತ ತಿರುಗಿದರು.

ಇನ್ನೊಮ್ಮೆ ಮುಂದಕ್ಕೆ ಬಂದು ಮೂಗು ತಿರುಗಿಸಿದರೆ ರಸ್ತೆ. ಅಪ್ಪ ಕೋಲನ್ನು ಫಸ್ಟ್ ಗೇರಿಗೆ ದೂಡಿದರು.

ಟಕ್.

ಕೋಲು ಹೋಲ್ಡರಿಗೆ ಬಡಿದು ನಿಂತಿತು. ಮತ್ತೆ ದೂಡಿದರು. ಟಕ್! ಥರ್ಡ್? ಟಕ್! ಸೆಕೆಂಡ್ ಬಿತ್ತು, ಇಳಿಜಾರು ಹತ್ತಲಾರದೆ ಎಂಜಿನ್ ಕೆಮ್ಮಿ ಮಲಗಿತು. ಗಾಡಿಯ ಹಿಂಭಾಗ ರಸ್ತೆಯಲ್ಲಿ, ಮುಂಭಾಗ ಗೇಟಿನಲ್ಲಿ. ಹಿಂದೆ ಇ-ರಿಕ್ಷಾಗಳ ಸಾಲು, ಮುಂದೆ ಆಫೀಸಿಗೆ ಹೊರಟ ಕಾರುಗಳ ಸಾಲು.

"ಸರ್‌ಜೀ, ಗಾಡಿ ಹಟಾಯಿಯೇ!" ಗಾಡಿ ತೆಗೀರಿ ಅಂತ ಗೇಟು ಕಾಯುವ ಭಯ್ಯಾ ಸೀಟಿ ಊದಿದ.

"ಹಂಸಾ," ಅಪ್ಪನ ಧ್ವನಿ ತಣ್ಣಗಿತ್ತು, "ನೀನು ಅಳೆದಾಗ ಗೇರು ಎಲ್ಲಿತ್ತಮ್ಮಾ?"

"ನ್ಯೂಟ್ರಲ್‌ನಲ್ಲಿ ಅಪ್ಪಾ."

"ಹನ್ನೊಂದು ಸಲವೂ?"

"ಹೂಂ."

ನಾನೇನು ಮಾಡಲಿ? ನಮ್ಮ ಸೊಸೈಟಿಯಲ್ಲಿ ಎಲ್ಲರೂ ಒಬ್ಬರ ಮುಂದೊಬ್ಬರು ಗಾಡಿ ನಿಲ್ಲಿಸುವುದು. ಹ್ಯಾಂಡ್ ಬ್ರೇಕ್ ಹಾಕುವಂತಿಲ್ಲ, ಗೇರು ನ್ಯೂಟ್ರಲ್‌ನಲ್ಲೇ ಬಿಡಬೇಕು. ಹಿಂದಿನ ಕಾರು ಹೊರಡಬೇಕಾದರೆ ಭಯ್ಯಾ ಮುಂದಿನದನ್ನು ನೂಕಿ ದಾರಿ ಮಾಡುತ್ತಾನೆ. ಇದು ಇಲ್ಲಿಯ ಧರ್ಮ. ನಮ್ಮ ಗಾಡಿ ಒಂದು ವರ್ಷದಲ್ಲಿ ಮೂರೇ ಸಲ ಹೊರಗೆ ಹೋಗಿತ್ತು. ಉಳಿದ ದಿನವೆಲ್ಲ ಆ ಕೋಲು ನೆಟ್ಟಗೆ ನಿಂತಿದ್ದನ್ನೇ ನಾನು ನೋಡಿದ್ದು. ಅದು ಮುಂದಕ್ಕೂ ಬಾಗುತ್ತದೆ ಅಂತ ತಲೆಗೇ ಹೊಳೆಯಲಿಲ್ಲ!

"ಚಲೋ, ಬಿಚ್ಚಿಬಿಡು," ಎಂದರು ಅಪ್ಪ. "ಸ್ಕ್ರೂ ಎಲ್ಲಿದೆ?"

"ಕಾಣಬಾರದು ಅಂತ ಮುಚ್ಚಿದೀನಪ್ಪಾ."

"ಎಷ್ಟಿದೆ?"

"ಎಂಟು."

"ಲೋಟಕ್ಕಾ, ಲಾರಿಗಾ?"

ಅಪ್ಪ ಸ್ಪ್ಯಾನರ್ ತಂದು ಮೀಟಿದರು. ಡ್ಯಾಶ್‌ಬೋರ್ಡೇ ಅಲುಗಿತು, ಹೋಲ್ಡರ್ ಅಲುಗಲಿಲ್ಲ. ಹೇಳಿದರೆ ತಪ್ಪಾದೀತು, ಆದರೆ ಒಳಗೊಳಗೇ ನನಗೆ ಸ್ವಲ್ಪ ಹೆಮ್ಮೆಯಾಯಿತು. ಭಯ್ಯಾ ಮತ್ತು ಮೂವರು ಸೇರಿ ನೂಕಿದರು. ಗಾಡಿ ಒಂದು ಗೇಣು ಏರಿ ಎರಡು ಗೇಣು ಇಳಿಯಿತು. ಆಫೀಸಿನ ಕಾರುಗಳಿಗೆ ಮೂರು ವರ್ಷದಿಂದ ಮುಚ್ಚಿದ್ದ ಹಿಂದಿನ ಗೇಟನ್ನು ತೆರೆಸಲು ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿಬಂದರು. ಕೀ ಸಿಗಲು ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಹಾರನ್‌ಗಳ ಮಂಗಳವಾದ್ಯ!

ಅಪ್ಪ ಸೋತು ಕೂತು ಲೋಟ ಎತ್ತಿ ಒಂದು ಗುಟುಕು ಕುಡಿದರು. "ಆದ್ರೂ ಅಹಲ್ಯಾ, ಇಷ್ಟು ಎಳೆದಾಡಿದ್ರೂ ಒಂದು ಹನಿ ಚೆಲ್ಲಲಿಲ್ಲ ನೋಡು."

"ಗಾಡಿ ಮುಂದಕ್ಕೇ ಹೋಗ್ದಿದ್ರೆ ಯಾಕ್ರೀ ಚೆಲ್ಲುತ್ತೆ?" ಎಂದಳು ಅಮ್ಮ. ಆಮೇಲೆ ಫೋನ್ ತೆಗೆದು, ನಾವು ಬರಲಾಗುವುದಿಲ್ಲ ಅಂತ ಚಂದ್ರಪ್ರಭಾ ಆಂಟಿಗೆ ಎಲ್ಲವನ್ನೂ ಹೇಳಿಬಿಟ್ಟಳು. ನನ್ನ ಕಣ್ಣಿಗೆ ಮೊದಲನೇ ಬೆಂಚು ಕಂಡಿತು.

ಮುಕ್ಕಾಲು ಗಂಟೆಯಲ್ಲಿ ಆಂಟಿಯೇ ಸ್ಕೂಟರಿನಲ್ಲಿ ಬಂದಿಳಿದರು. ಹೆಗಲಲ್ಲಿ ಗರಗಸದ ಚೀಲ. ಹೋಲ್ಡರನ್ನು ಬೆರಳಿನಿಂದ ಸವರಿದರು. ಜೋಡಣೆ ನೋಡಿದರು. ಗರಗಸ ತೆಗೆದು ಕೊಯ್ಯತೊಡಗಿದರು. ತೇಗ ಗೊಗ್ಗರು ಧ್ವನಿಯಲ್ಲಿ ಅತ್ತಿತು. ನಾನು ಅಳಲಿಲ್ಲ, ಲೋಟ ಹಿಡಿದುಕೊಂಡು ನಿಂತೆ. ಮೂರನೇ ಸ್ಕ್ರೂ ತಾಗಿ ಗರಗಸದ ಎರಡು ಹಲ್ಲು ಮುರಿದವು.

ಅರ್ಧ ಹೋಲ್ಡರ್ ಕೈಗೆ ಬಂತು. ಅಪ್ಪ ಫಸ್ಟ್ ಗೇರ್ ಹಾಕಿದರು. ಬಿತ್ತು! ಭಯ್ಯಾ ಚಪ್ಪಾಳೆ ತಟ್ಟಿದ.

ಆಂಟಿ ತುಂಡನ್ನು ತಿರುಗಿಸಿ ನೋಡಿದರು. "ಇಷ್ಟು ಕೊಯ್ದರೂ ಜೋಡಣೆ ಬಿಟ್ಟಿಲ್ಲ. ಕೈ ಚೆನ್ನಾಗಿದೆ ಕಣೇ. ನಾಳೆಯಿಂದ ಬಾ."

"ಏನು... ಏನು ಮಾಡೋಕೆ ಕಲಿಸ್ತೀರಾ ಆಂಟಿ?"

"ಮಾಡೋದಾ? ಅಚ್ಛಾ! ಮೊದಲ ತಿಂಗಳು ನೀನು ಏನನ್ನೂ ಮಾಡ್ಬೇಡ," ಎಂದರು, ಮುರಿದ ಹಲ್ಲುಗಳನ್ನು ಎಣಿಸುತ್ತಾ. "ಬರೀ ಬಿಚ್ಚೋದು ಕಲಿ."

ನಾಳೆ ಏಳೂವರೆಗೆ ಮೆಟ್ರೋ ಹಿಡಿದು ಘಾಜಿಯಾಬಾದಿಗೆ ಹೋಗುತ್ತೇನೆ. ಒಂದು ಸ್ಕ್ರೂಡ್ರೈವರ್ ಮಾತ್ರ ತೆಗೆದುಕೊಂಡು ಹೋಗುತ್ತೇನೆ. ಅಂಟಿನ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟಿದ್ದೇನೆ.