ಅವರೆಕಾಯಿ ಸುಲಿಯುವವರು ಯಾರು?

ಒಬ್ಬರ ಮನೆಗೆ ಹೋಗಿ ಕಾಫಿ ಬೇಡ ಎಂದರೆ ನಮ್ಮ ಕಡೆ ಯಾರೂ ತಪ್ಪು ತಿಳಿಯುವುದಿಲ್ಲ. ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡು ಮಜ್ಜಿಗೆ ತಂದುಕೊಡುತ್ತಾರೆ. ಆದರೆ ನಡುಮನೆಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿರುವಾಗ ಹೋಗಿ, ಎದುರಿಗೆ ಕುಳಿತು, ಕೈಕಟ್ಟಿಕೊಂಡಿದ್ದರೆ ಅದನ್ನು ಮಾತ್ರ ಯಾರೂ ಮರೆಯುವುದಿಲ್ಲ. ಬಂಗಾರಪೇಟೆಯಿಂದ ಬೇತಮಂಗಲದವರೆಗೆ ಚಳಿಗಾಲದಲ್ಲಿ ಮನುಷ್ಯರ ಗುಣ ಅಳೆಯುವುದು ಹೀಗೆ. ರಾಶಿಯ ಮುಂದೆ ಕುಳಿತವರ ಕೈ ತಾನಾಗಿ ರಾಶಿಗೆ ಹೋಗಬೇಕು. ಯಾರೂ ಕರೆಯುವುದಿಲ್ಲ, ಯಾರೂ ಕೇಳಿಕೊಂಡು ಶುರು ಮಾಡುವುದಿಲ್ಲ. ಕರೆಂಟ್ ಮೀಟರ್ ನೋಡಲು ಬಂದವರೂ ನಾಲ್ಕು ಕಾಯಿ ಸುಲಿದೇ ಹೋಗುತ್ತಾರೆ. ನನ್ನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಜಾತಕದ ಮಾತಾಡುತ್ತಲೇ ಹುಡುಗನ ತಂದೆ ಒಂದು ಮೊರದ ತುಂಬ ಕಾಳು ಬಿಡಿಸಿಟ್ಟಿದ್ದರು. ಅವರು ಹೋದ ಮೇಲೆ ದೊಡ್ಡಮ್ಮ ಮೊರವನ್ನು ನೋಡಿ, “ಕೊಡ್ಬೋದು ಕಣೇ, ಒಳ್ಳೆ ಜನ” ಎಂದು ತೀರ್ಪು ಕೊಟ್ಟಳು. ಜಾತಕವನ್ನು ಆಮೇಲೆ ಯಾರೂ ತೆಗೆದು ನೋಡಲಿಲ್ಲ.

ಇಂಥ ಸೀಮೆಯಲ್ಲಿ ಹುಟ್ಟಿ ನಾನು ಇಷ್ಟು ವರ್ಷ ಒಂದು ಕಾಯಿಯನ್ನೂ ಸುಲಿಯದೆ ಬದುಕಿದ್ದೆ ಎಂದರೆ ಅದರ ಹಿಂದೆ ಎಷ್ಟು ಶ್ರಮವಿತ್ತು ಎಂದು ನೀವೇ ಊಹಿಸಿಕೊಳ್ಳಿ. ಚಿಕ್ಕಂದಿನಲ್ಲಿ ಪರೀಕ್ಷೆ ಇತ್ತು. ಪರೀಕ್ಷೆ ಇಲ್ಲದಾಗ ಹುಳದ ಭಯ ಇತ್ತು. ಅವರೆಕಾಯೊಳಗೆ ದಪ್ಪಗೆ, ಹಸಿರಾಗಿ, ತನ್ನ ಪಾಡಿಗೆ ತಾನು ಉಣ್ಣುತ್ತಿರುವ ಹುಳವೊಂದು ಇರುತ್ತದಲ್ಲ, ಅದನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ಮನೆಯವರನ್ನು ನಂಬಿಸಿದ್ದೆ. ನಿಜ ಹೇಳಬೇಕೆಂದರೆ ಹುಳದ ಬಗ್ಗೆ ನನಗೆ ಯಾವ ದ್ವೇಷವೂ ಇಲ್ಲ. ಅದೂ ನನ್ನಂತೆಯೇ, ಬಾಗಿಲು ಮುಚ್ಚಿಕೊಂಡು ಒಳಗೆ ಸುಮ್ಮನಿರಲು ಬಯಸುವ ಜೀವ. ನನ್ನ ಭಯ ರಾಶಿಯ ಸುತ್ತಲಿನ ಮಾತಿನದು. ಕೈಗೆ ಕೆಲಸ ಸಿಕ್ಕ ಕೂಡಲೇ ಬಾಯಿಗೂ ಕೆಲಸ ಬೇಕಾಗುತ್ತದೆ. ಏನು ಓದಿದೆ, ಎಷ್ಟು ಹೊತ್ತಿಗೆ ಮಲಗುತ್ತೀಯ, ಯಾಕೆ ಸಣ್ಣಗಾಗಿದ್ದೀಯ, ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಖಚಿತವಾಗಿ, ಮದುವೆ ಯಾವಾಗ. ಸಂಜೆ ಬೆಂಗಳೂರಿನಿಂದ ಬರುವ ಮಾರಿಕುಪ್ಪಂ ರೈಲಿನಲ್ಲೂ ಇದೇ ಕತೆ. ಕೆಲಸ ಮುಗಿಸಿ ಬರುವ ಹೆಂಗಸರು ಚೀಲ ಬಿಚ್ಚಿ ಮಡಿಲಿಗೆ ಕಾಯಿ ಸುರಿದುಕೊಂಡರೆ, ಅಕ್ಕಪಕ್ಕದ ಅಪರಿಚಿತರ ಕೈಗಳೆಲ್ಲ ಅತ್ತ ಹೊರಡುತ್ತವೆ. ನಾನು ಪುಸ್ತಕವನ್ನು ಮುಖದ ಹತ್ತಿರಕ್ಕೆ ತಂದುಕೊಳ್ಳುತ್ತಿದ್ದೆ.

ಈಗ ನನ್ನ ಉದ್ಯೋಗದ ವಿಷಯ. ವಿಶ್ವವಿದ್ಯಾಲಯದಿಂದ ಹೊರಬಂದ ಮೇಲೆ ನಾನು ಬಂಗಾರಪೇಟೆಯ ಒಂದು ಪುಟ್ಟ ಸಂಸ್ಥೆಗೆ ಸೇರಿದೆ. ಜನರಿಗೆ ಆರೋಗ್ಯಕ್ಕೆ ಒಳ್ಳೆಯದಾದ, ಭೂಮಿಗೂ ಹೊರೆಯಾಗದ ಆಹಾರ ಸಿಗುವಂತೆ ಸರ್ಕಾರದ ನೀತಿಗಳು ಬದಲಾಗಬೇಕು ಎಂದು ಒತ್ತಾಯಿಸುವುದು ನಮ್ಮ ಕೆಲಸ. ರಾಜ್ಯದ ಹಲವು ಸಂಘಸಂಸ್ಥೆಗಳು ಇದಕ್ಕಾಗಿ ಒಕ್ಕೂಟ ಮಾಡಿಕೊಂಡಿವೆ. ದೊಡ್ಡ ಊರಿನವರು ದೊಡ್ಡ ವಿಷಯಗಳನ್ನು ತೆಗೆದುಕೊಂಡರು. ಚಿಪ್ಸ್ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಸುವುದು, ಮಕ್ಕಳಿಗೆ ತೋರಿಸುವ ಜಾಹೀರಾತು ತಡೆಯುವುದು, ಹೀಗೆ. ನಮ್ಮ ಪಾಲಿಗೆ ಉಳಿದದ್ದು ನಮ್ಮ ತಾಲ್ಲೂಕಿನ ವಿದ್ಯಾರ್ಥಿ ಹಾಸ್ಟೆಲುಗಳ ಸಾರು. ಎಲ್ಲಿಂದಲೋ ಲಾರಿಯಲ್ಲಿ ಬರುವ ಒಣ ಬಟಾಣಿಯ ಸಾರನ್ನು ವರ್ಷವಿಡೀ ತಿನ್ನುವ ಮಕ್ಕಳಿಗೆ, ಅವರೆ ಕಾಲದಲ್ಲಾದರೂ ನಮ್ಮ ಹಳ್ಳಿಗಳ ಅವರೆಕಾಳಿನ ಸಾರು ಸಿಗಲಿ, ಅದನ್ನು ಇಲ್ಲಿನ ರೈತರಿಂದಲೇ ಕೊಳ್ಳಲಿ. ಇಷ್ಟೇ ನಮ್ಮ ಪ್ರಸ್ತಾವನೆ. ಬರೆದವಳು ನಾನು. ಅಡಿಟಿಪ್ಪಣಿಗಳೂ ಇದ್ದವು.

ದೊಡ್ಡಮ್ಮನಿಗೆ ಈ ಉದ್ಯೋಗವನ್ನು ವಿವರಿಸಲು ನಾನು ಬಹಳ ಸಲ ಪ್ರಯತ್ನಪಟ್ಟಿದ್ದೇನೆ. ಅವಳು ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲದ ಸಾಲುಗಳ ನಡುವೆ ಅವರೆ ಬಿತ್ತುತ್ತಾಳೆ, ಎರಡು ಹಸು ಸಾಕಿದ್ದಾಳೆ, ಊರ ಮಹಿಳಾ ಸಂಘದ ಅಧ್ಯಕ್ಷೆ. ಯಾರಾದರೂ ನನ್ನ ಬಗ್ಗೆ ಕೇಳಿದರೆ, “ಊಟದ ಬಗ್ಗೆ ಮೀಟಿಂಗ್ ಮಾಡ್ತಾಳೆ. ಅಡ್ಗೆ ಮಾತ್ರ ಮಾಡಾಕ್ ಬರಲ್ಲ” ಎಂದು ಮುಗಿಸುತ್ತಾಳೆ. ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನೂ ಕೊಡಲಾರೆ.

ನಿಖರತೆ ನನ್ನ ದೌರ್ಬಲ್ಯ. ಮಳೆಗಾಲದ ಹೊತ್ತಿಗೆ ಒಮ್ಮೆ ದೊಡ್ಡಮ್ಮ, “ನಮ್ ಅವ್ರೆಕಾಯಿ ಆಸ್ಟೆಲ್‌ನೋರು ತಗೋತಾರಾ?” ಎಂದು ಕೇಳಿದಾಗ, “ಪ್ರಸ್ತಾವನೆ ಪರಿಶೀಲನೆಯಲ್ಲಿದೆ ದೊಡ್ಡಮ್ಮ, ಸಾಧ್ಯತೆ ಇದೆ” ಎಂದೆ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ದೊಡ್ಡಮ್ಮ ಮನೆಯಿಂದ ಹೊರಗೆ ಹೋಗಿ ಪಕ್ಕದ ಮನೆಯಾಕೆಗೆ, “ಆಗೋಯ್ತಂತೆ ಕಣೇ” ಎಂದಳು. ಆ ಮಾತು ಊರು ಸುತ್ತಿ ಬರುವಷ್ಟರಲ್ಲಿ ಸಂಘದ ಹೆಂಗಸರೆಲ್ಲ ರಾಗಿಯಲ್ಲಿ ಅವರೆ ಸಾಲುಗಳನ್ನು ಹೆಚ್ಚಿಸಿ ಬಿತ್ತಿಬಿಟ್ಟಿದ್ದರು. ಹಿಂದಿನ ವರ್ಷ ಎಲ್ಲರದೂ ಒಟ್ಟಿಗೆ ಕಾಯಿ ಬಂದು, ಮಾರುಕಟ್ಟೆಯಲ್ಲಿ ಕೇಳುವವರಿಲ್ಲದೆ, ಒಳ್ಳೆಯ ಕಾಯಿಯನ್ನು ಹಸುಗಳಿಗೆ ಹಾಕಿದ್ದರು. ಈ ಸಲವೂ ಹಾಗಾದರೆ ಹಸುಗಳಿಗೆ ಸಂತೋಷವಾಗುತ್ತದೆ. ದೊಡ್ಡಮ್ಮ ಮಾತ್ರ ಸಂಘದಲ್ಲಿ ತಲೆಯೆತ್ತಿ ಕೂರುವ ಹಾಗಿರುವುದಿಲ್ಲ.

ನಮ್ಮ ಪ್ರಸ್ತಾವನೆ ಅದಾಗಲೇ ಎರಡು ಸಭೆಗಳಲ್ಲಿ ಮಣ್ಣು ಮುಕ್ಕಿತ್ತು. ಪೌಷ್ಟಿಕಾಂಶದ ಬಗ್ಗೆ ಯಾರಿಗೂ ತಕರಾರಿಲ್ಲ, ರೈತರ ಬಗ್ಗೆ ಎಲ್ಲರಿಗೂ ಪ್ರೀತಿ. ಎಲ್ಲವನ್ನೂ ಕೇಳಿಸಿಕೊಂಡು, ಹಾಸ್ಟೆಲುಗಳ ಮೆನು ಗೊತ್ತುಮಾಡುವ ಸಾಹೇಬರು ಕೊನೆಯಲ್ಲಿ ಒಂದೇ ಪ್ರಶ್ನೆ ಹಾಕುತ್ತಿದ್ದರು: “ಅಲ್ಲಾರೀ, ಇಷ್ಟು ಅವರೆಕಾಯಿ ಸುಲಿಯೋರು ಯಾರು?” ಅಲ್ಲಿಗೆ ಮುಗಿಯಿತು. ಅಡುಗೆಯವರ ಪರವಾಗಿ ಬರುತ್ತಿದ್ದ ಊರಿಗಾಂ ಹಾಸ್ಟೆಲಿನ ಸೆಲ್ವಿ ಅಕ್ಕ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಅದಕ್ಕೆ ಬೀಗ ಜಡಿಯುತ್ತಿದ್ದರು. “ಸಾರ್, ಮಕ್ಳು ಪಸಿ ಪಸಿ ಅಂತ ತಟ್ಟೆ ಇಡ್ಕೊಂಡು ನಿಂತಿರ್ತಾರೆ. ನಾನು ಅನ್ನ ಇಡ್ಲಾ, ಕಾಯಿ ಸುಲೀಲಾ? ಇರೋದು ಎರಡೇ ಕೈ ಪಾ.” ಅವರು ಹೇಳುವುದರಲ್ಲಿ ತಪ್ಪೇನಿರಲಿಲ್ಲ. ನನ್ನ ಅಡಿಟಿಪ್ಪಣಿಗಳಲ್ಲಿ ಎಲ್ಲಿಯೂ ಸುಲಿಯುವ ಕೈಗಳ ಪ್ರಸ್ತಾಪವೇ ಇರಲಿಲ್ಲ. ಒಂದು ಕಾಯಿಯನ್ನೂ ಸುಲಿಯದವಳು ಬರೆದ ಪ್ರಸ್ತಾವನೆಯಲ್ಲಿ ಅದು ಇನ್ನೆಲ್ಲಿಂದ ಬರಬೇಕು?

ಮೂರನೆಯ ಸಭೆ ಬಂತು. ಹೊಲದಲ್ಲಿ ಕಾಯಿ ಬಲಿತಿತ್ತು, ಬಂಗಾರಪೇಟೆಯ ಬೀದಿಗಳಲ್ಲಿ ಅವರೆಯ ಸೊಗಡು ಹರಡಿತ್ತು. ಈ ಸಲ ಬಿದ್ದರೆ ಹಂಗಾಮು ಮುಗಿದ ಹಾಗೆಯೇ. ನಮ್ಮ ಸಂಸ್ಥೆ ನಡೆಸುವ ನಿವೃತ್ತ ಮೇಷ್ಟ್ರು ಮುನಿರಾಜು ಸರ್, ರೈತರ ಕಡೆಯಿಂದ ಒಬ್ಬರು ಬಂದು ಮಾತಾಡಲಿ ಎಂದು ದೊಡ್ಡಮ್ಮನನ್ನು ಕರೆಸಿದ್ದರು. ದೊಡ್ಡಮ್ಮ ಮೊದಲ ಬಸ್ಸಿಗೇ ಬಂದಿಳಿದಳು, ಜೊತೆಗೆ ಒಂದು ಮೂಟೆ ಅವರೆಕಾಯಿ. ಸಭೆ ಮುಗಿದ ಮೇಲೆ ಮಾರುಕಟ್ಟೆಗೆ ಹಾಕಿ ಹೋಗುವ ಯೋಚನೆ. “ಸಭೆಗೆ ಮೂಟೆ ಯಾಕೆ ದೊಡ್ಡಮ್ಮ?” ಎಂದೆ. “ಬಸ್ ಚಾರ್ಜು ದಂಡ ಮಾಡ್ಕೊಂಡು ಬರೀ ಕೈಲಿ ಬರ್ಲಾ?” ಎಂದಳು.

ಸಾಹೇಬರು ಬರುವುದು ತಡವಾಗುತ್ತದೆ ಎಂಬ ಸುದ್ದಿ ಬಂತು. ಗೋಡೆಯ ಮೇಲೆ ನನ್ನ ಮೊದಲ ಸ್ಲೈಡು ಹೊಳೆಯುತ್ತಿತ್ತು: ಸುಸ್ಥಿರ ಆಹಾರ ವ್ಯವಸ್ಥೆಯತ್ತ ಒಂದು ಸ್ಥಳೀಯ ಹೆಜ್ಜೆ. ಅದರ ಕೆಳಗಿನ ಮೇಜಿನ ಮೇಲೆ, ಆರೋಗ್ಯಕರ ಆಹಾರದ ಕುರಿತು ಚರ್ಚಿಸಲು ಬಂದವರಿಗಾಗಿ ಬೇಕರಿಯಿಂದ ತರಿಸಿದ ಚಿಪ್ಸ್, ಕ್ರೀಮ್ ಬನ್ನು ಇಟ್ಟಿದ್ದರು. ವಾರ್ಡನ್‌ಗಳು, ಗುಮಾಸ್ತರು, ಅಡುಗೆಯವರು ಉದ್ದ ಮೇಜಿನ ಸುತ್ತ ಕುಳಿತು ಫೋನು ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಭಾಷಣ ಉರು ಹೊಡೆಯುತ್ತಿದ್ದೆ. ಜರ್ ಎಂಬ ಶಬ್ದ ಕೇಳಿ ತಿರುಗಿದರೆ, ದೊಡ್ಡಮ್ಮ ಮೇಜಿನ ಮೇಲೆ ಹಳೇ ಸೀರೆಯ ತುಂಡು ಹಾಸಿ ಮೂಟೆಯ ಬಾಯಿ ಬಿಚ್ಚಿ ಸುರಿಯುತ್ತಿದ್ದಾಳೆ.

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. ಹತ್ತಿರ ಹೋಗಿ, “ದೊಡ್ಡಮ್ಮ, ಎತ್ತಿಡು. ಇದು ಆಫೀಸು” ಎಂದು ಪಿಸುಗುಟ್ಟಿದೆ.

“ಕಾಯಿಯಾಗಿ ಮಾರೋ ಬದ್ಲು ಕಾಳು ಮಾಡಿ ಮಾರಿದ್ರಾಯ್ತು. ಸುಮ್ಕೆ ಕೂತ್ಕೊಂಡು ಏನ್ ಮಾಡ್ಲಿ? ನೀನು ನಿನ್ ಗೋಡೆ ನೋಡ್ಕೋ ಓಗಮ್ಮಿ.”

ನಾನು ಗೋಡೆಯ ಪಕ್ಕಕ್ಕೆ ಹೋಗಿ ನಿಂತೆ. ಆಗ ನಡೆದದ್ದನ್ನು ನೋಡುವ ಭಾಗ್ಯ ಇಡೀ ಕೋಣೆಯಲ್ಲಿ ನನ್ನೊಬ್ಬಳಿಗೇ ಸಿಕ್ಕಿತು, ಏಕೆಂದರೆ ಮಿಕ್ಕವರಿಗೆ ತಾವೇನು ಮಾಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಮೊದಲು ಒಬ್ಬ ವಾರ್ಡನ್ ಫೋನನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈ ಚಾಚಿದರು. ಸ್ವಲ್ಪ ಹೊತ್ತಿಗೆ ಫೋನು ಜೇಬಿಗೆ ಹೋಯಿತು. ಗುಮಾಸ್ತರು ಕುರ್ಚಿ ಎಳೆದುಕೊಂಡರು. ಮುನಿರಾಜು ಸರ್ ಶರ್ಟಿನ ತೋಳು ಮಡಚಿದರು. ಸೆಲ್ವಿ ಅಕ್ಕ ಕನ್ನಡಕ ಏರಿಸಿಕೊಂಡು, “ಎನ್ನಮ್ಮಾ, ಕಾಯಿ ಚೆನ್ನಾಗಿದೆಯಲ್ಲ, ಯಾವೂರು?” ಎಂದು ದೊಡ್ಡಮ್ಮನ ಪಕ್ಕಕ್ಕೇ ಬಂದು ಕುಳಿತರು. ಬನ್ನಿನ ತಟ್ಟೆಗಳು ಪಕ್ಕಕ್ಕೆ ಸರಿದು, ಖಾಲಿ ತಟ್ಟೆಗಳು ಕಾಳಿನಿಂದ ತುಂಬತೊಡಗಿದವು. ಮಾತು ಚಿನ್ನದ ಗಣಿ ಮುಚ್ಚಿದ ಕಾಲದಿಂದ ಹಿಡಿದು ವಾರ್ಡನ್ ಮಗಳ ಸೀಮಂತದವರೆಗೆ, ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ತಿರುಗಿ ತೆಲುಗಿನಲ್ಲಿ ಇಳಿಯಿತು. ನನ್ನ ಅದೃಷ್ಟಕ್ಕೆ ಸ್ಲೈಡು ಬದಲಿಸುವ ರಿಮೋಟು ಕೈಯಲ್ಲಿದ್ದುದರಿಂದ ಯಾರೂ ನನ್ನನ್ನು ಕರೆಯಲಿಲ್ಲ.

ಸಾಹೇಬರು ಬಂದಾಗ ಎಲ್ಲರೂ ಅರ್ಧ ಎದ್ದು ನಿಂತರು, ಕೈ ಮಾತ್ರ ನಿಲ್ಲಿಸಲಿಲ್ಲ. ಅವರು “ಕೂತ್ಕೊಳ್ಳಿ ಕೂತ್ಕೊಳ್ಳಿ” ಎನ್ನುತ್ತ ಕುಳಿತು, ರಾಶಿಯನ್ನು ಒಮ್ಮೆ ನೋಡಿ, ತಡವಾದದ್ದಕ್ಕೆ ಕಾರಣ ಹೇಳುತ್ತ ಹೇಳುತ್ತ ಒಂದು ಕಾಯಿ ಎತ್ತಿಕೊಂಡರು. ಅವರೂ ನಮ್ಮ ಕಡೆಯವರೇ. ನಾನು ಸ್ಲೈಡುಗಳನ್ನು ತೋರಿಸಿದೆ. ಯಾರೂ ಗೋಡೆಯತ್ತ ಕತ್ತೆತ್ತಲಿಲ್ಲ. ನಡುವೆ ಸಾಹೇಬರ ಕೈಗೆ ಒಂದು ದಪ್ಪ ಹುಳ ಬಂತು. “ಏನಮ್ಮ, ಹುಳ ಇದೆಯಲ್ಲ?” ಎಂದರು.

“ಉಳ ಐತೆ ಅಂದ್ರೆ ಔಸ್ದಿ ಒಡ್ದಿಲ್ಲ ಅಂತ ಸಾಮಿ. ಅದು ತಿಂದು ಬದ್ಕೈತೆ ಅಂದ್ಮೇಲೆ ನಿಮ್ ಮಕ್ಳಿಗೇನಾಗ್ತದೆ?” ಎಂದಳು ದೊಡ್ಡಮ್ಮ. ಕೀಟನಾಶಕದ ಕುರಿತ ನನ್ನ ಮುಂದಿನ ಮೂರು ಸ್ಲೈಡುಗಳನ್ನು ನಾನು ಸದ್ದಿಲ್ಲದೆ ದಾಟಿಸಿದೆ.

ಸ್ಲೈಡು ಮುಗಿಯಿತು. ಸಾಹೇಬರು ಹಿಂದಕ್ಕೆ ಒರಗಿ ನಿಟ್ಟುಸಿರಿಟ್ಟರು. “ನೋಡಿ, ನಾನು ವಿರೋಧಿಯಲ್ಲ. ಆದರೆ ನನ್ನ ಹಳೇ ಪ್ರಶ್ನೆ ಹಾಗೇ ಇದೆ. ಇಷ್ಟು ಅವರೆಕಾಯಿ ಸುಲಿಯೋರು ಯಾರು?”

ಮುನಿರಾಜು ಸರ್ ನನ್ನತ್ತ ನೋಡಿದರು. ಸಭೆಯಲ್ಲಿ ಮೊದಲೇ ಬರೆದುಕೊಳ್ಳದ ಮಾತನ್ನು ನಾನು ಜೀವನದಲ್ಲಿ ಆಡಿದವಳಲ್ಲ. ಆದರೆ ಗೋಡೆಯ ಪಕ್ಕದಿಂದ ನನಗೆ ಕಾಣುತ್ತಿದ್ದುದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಮೇಜಿನ ಮೇಲೆ ರಾಶಿ ಇರಲಿಲ್ಲ. ಸೀರೆಯ ತುಂಡಿನ ಮೇಲೆ ಸಿಪ್ಪೆಯ ಗುಡ್ಡೆ, ಮೇಜಿನುದ್ದಕ್ಕೂ ಕಾಳಿನ ತಟ್ಟೆಗಳು.

“ಸರ್,” ಎಂದೆ, “ಸುಲಿದಾಯ್ತು.”

ಸಾಹೇಬರು ಮೊದಲು ಮೇಜು ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಅಲ್ಲಿ ಕೊನೆಯ ಕಾಯಿ ಅರ್ಧ ಬಿಚ್ಚಿಕೊಂಡಿತ್ತು. ಅದನ್ನು ಬಿಡಿಸಿ, ಕಾಳನ್ನು ತಟ್ಟೆಗೆ ಹಾಕಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು ಸೊಗಡು ನೋಡಿ, ಆಮೇಲೆ ಅವರು ನಗಲು ಶುರು ಮಾಡಿದರು. ಸಾಹೇಬರು ನಕ್ಕ ಮೇಲೆ ಗುಮಾಸ್ತರು ನಕ್ಕರು, ಗುಮಾಸ್ತರು ನಕ್ಕ ಮೇಲೆ ಇನ್ನು ಕೇಳಬೇಕೇ. ಸೆಲ್ವಿ ಅಕ್ಕ ಮಾತ್ರ ನಗುವಿನ ನಡುವೆಯೂ ಎಚ್ಚರ ತಪ್ಪಲಿಲ್ಲ. “ಸಾರ್, ಇವತ್ತು ಎಲ್ಲಾರೂ ಸುಲಿದ್ರು, ಸರಿ. ನಾಳೆ ನನ್ ತಲೆಗೆ ಕಟ್ಬೇಡಿ. ಸುಲಿದ ಕಾಳು ಬಾಗ್ಲಿಗೆ ಬಂದ್ರೆ ನಾನ್ ಸಾರು ಮಾಡ್ತೀನಿ. ಎಂಥಾ ಸಾರು ಅಂತ ನೀವೇ ಬಂದು ತಿನ್ನಿ.”

“ಮುಂಚಿನ್ ದಿನ ಸಂಜೆ ನಮ್ ಸಂಘದೋರು ಸುಲ್ದು ಕಳುಸ್ತೀವಿ ಬಿಡಕ್ಕ,” ಎಂದಳು ದೊಡ್ಡಮ್ಮ. “ಸಮುದಾಯ ಭವ್ನದಾಗೆ ಎಲ್ರೂ ಕೂತ್ರೆ ಮಾತಾಡೋದ್ರಾಗೆ ಆಗೋಗ್ತದೆ. ಕೂಲಿ ಮಾತ್ರ ಕೊಡ್ಬೇಕು ಸಾಮಿ.” ಸುಲಿಯುವ ಕೂಲಿಯನ್ನು ಕಾಳಿನ ದರಕ್ಕೇ ಸೇರಿಸುವುದೆಂದು ಅಲ್ಲೇ ತೀರ್ಮಾನವಾಯಿತು. ಅವರೆ ಕಾಲ ಮುಗಿಯುವವರೆಗೆ ತಾಲ್ಲೂಕಿನ ಎಲ್ಲ ಹಾಸ್ಟೆಲುಗಳಲ್ಲಿ ಅವರೆಕಾಳಿನ ಸಾರು. ಒಕ್ಕೂಟದವರು ಬೆಂಗಳೂರಿನಿಂದ ಫೋನು ಮಾಡಿ, ಯಾವ ವಾದದಿಂದ ಒಪ್ಪಿಸಿದಿರಿ, ಉಳಿದ ಜಿಲ್ಲೆಗಳಿಗೂ ಕಳಿಸಿಕೊಡಿ ಎಂದು ಕೇಳಿದರು. ಒಂದು ಮೂಟೆ ಕಳಿಸಲೇ ಎಂದು ಕೇಳಬೇಕೆನಿಸಿತು. ಆ ವಾರ ಊರಿಗಾಂ ಹಾಸ್ಟೆಲಿಗೆ ಹೋದಾಗ ಮಕ್ಕಳು ಎರಡನೆಯ ಸಲ ಸಾರಿಗೆ ಸಾಲು ನಿಂತಿದ್ದರು. ಸೆಲ್ವಿ ಅಕ್ಕ ಸೌಟು ಹಿಡಿದು ದಳಪತಿಯ ಹಾಗೆ ನಿಂತಿದ್ದರು. ನಾನು ಒಂದು ಮೂಲೆಯಲ್ಲಿ ನಿಂತು, ಯಾರಿಗೂ ಕಾಣದ ಹಾಗೆ, ಬಹಳ ಹೆಮ್ಮೆಪಟ್ಟೆ.

ಆದರೆ ಸಭೆಯ ನಿರ್ಣಯದ ಕೊನೆಯ ಸಾಲನ್ನು ಸಾಹೇಬರು ನಗುತ್ತಲೇ ಬರೆಸಿದ್ದರು. ಹಳ್ಳಿಗಳಲ್ಲಿ ಕಾಯಿ ಸುಲಿಸುವ ಉಸ್ತುವಾರಿ ಈ ಮೇಡಂ ಅವರದು, ಖುದ್ದಾಗಿ ಹಾಜರಿರತಕ್ಕದ್ದು. ಹೀಗಾಗಿ ಪರೀಕ್ಷೆ, ಹುಳ, ಪುಸ್ತಕ, ರಿಮೋಟು ಎಲ್ಲವನ್ನೂ ದಾಟಿ, ನಾನು ಈಗ ಸಂಜೆಯಾದರೆ ಒಂದೊಂದು ಹಳ್ಳಿಯ ಸಮುದಾಯ ಭವನದಲ್ಲಿ ಆನೆಮರಿಯಷ್ಟು ದೊಡ್ಡ ರಾಶಿಯ ಮುಂದೆ ಕೂರುತ್ತೇನೆ. ನಂಬುತ್ತೀರೋ ಇಲ್ಲವೋ, ಕೈ ತಾನಾಗಿ ಹೋಗುತ್ತದೆ. ಮೊನ್ನೆ ಎದುರಿಗಿದ್ದ ಅಜ್ಜಿಯೊಬ್ಬರು ನನ್ನ ಕೈಯನ್ನೇ ಬಹಳ ಹೊತ್ತು ಗಮನಿಸಿ, “ಚೆನ್ನಾಗ್ ಸುಲೀತೀಯ. ಮದ್ವೆ ಯಾವಾಗಮ್ಮ?” ಎಂದು ಕೇಳಿಯೇಬಿಟ್ಟರು. ಇಡೀ ಭವನದಲ್ಲಿ ಕೈಗಳು ನಿಂತವು. ನಾನು ತಡವರಿಸಲಿಲ್ಲ, ನನ್ನ ವೃತ್ತಿ ಕಲಿಸಿದ ಅತ್ಯಂತ ನಿಖರವಾದ ಉತ್ತರವನ್ನು ಕೊಟ್ಟೆ: “ಪರಿಶೀಲನೆಯಲ್ಲಿದೆ ಅಜ್ಜಿ, ಸಾಧ್ಯತೆ ಇದೆ.”

ಅಜ್ಜಿ ಪಕ್ಕದವರತ್ತ ತಿರುಗಿ ಏನೋ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ನಾನು ಬಸ್ಸು ಹಿಡಿದು ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ಅಮ್ಮನ ಫೋನು ಬಂತು. ದೊಡ್ಡಮ್ಮ ಈಗತಾನೇ ಹೇಳಿದಳಂತೆ, ಆಗೋಯ್ತಂತೆ, ಹುಡುಗ ಯಾರು?